ರಿಪೀಟರಿಗೆ ಹತ್ತಿದ ದೆವ್ವ

ತೊರಗಲ್ಲಿನ ಕೋಟೆಯ ಆಚೆ, ಗುಡ್ಡದ ಮೇಲೆ ಒಂದು ನೀರಿನ ಟಾಕಿ ಇದೆ. ಟಾಕಿಯ ನೆತ್ತಿಗೆ ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಗೊಂದು ಉದ್ದನೆಯ ಕೋಲು. ಊರವರ ಕಣ್ಣಿಗೆ ಅದು ಸಿಡಿಲು ಬಡಿಯದಂತೆ ನೆಟ್ಟ ಕೋಲು. ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ ಅದು ರಿಪೀಟರ್. ಯಶೋಧಾಳಿಗೆ ಮಾತ್ರ ಅದು ಒಬ್ಬ ಮುದುಕಿ. ಒಂದೇ ಕಿವಿ, ಒಂದೇ ಬಾಯಿ. ಗುಡ್ಡದ ತುದಿಯಲ್ಲಿ ಕಾಲು ಚಾಚಿ ಕುಳಿತು, ಕಿತ್ತೂರಿನವರು ಪಿಸುಗುಟ್ಟಿದ್ದನ್ನು ರಾಮದುರ್ಗದವರಿಗೆ ಕೂಗಿ ಹೇಳುವವಳು. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಧ್ವನಿ ಊರ ಹೊರಗಿನ ಹೊಲ ದಾಟುವುದೇ ಕಷ್ಟ. ಆ ಮುದುಕಿಯ ಕಿವಿಗೊಮ್ಮೆ ಬಿದ್ದರೆ ಸಾಕು, ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗ ಎಲ್ಲ ಕಡೆಯೂ ಮೊಳಗುತ್ತದೆ. ಆದರೆ ಒಂದು. ಮುದುಕಿಗೆ ಒಂದು ಸಲಕ್ಕೆ ಒಬ್ಬರ ಮಾತೇ ಸೈ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿ ಬಾಯಿ ತೆರೆದರೋ, ತಲೆ ಕೆಟ್ಟು ಚೀರುತ್ತಾಳೆ.

ಇದೆಲ್ಲ ಗೊತ್ತಿದ್ದೇ ಯಶೋಧಾ ಸರಕಾರದ ಪರೀಕ್ಷೆ ಬರೆದು, ಪಾಸಾಗಿ, ಲೈಸೆನ್ಸು ಪಡೆದಿದ್ದಳು. ಗೊತ್ತಿರುವುದಕ್ಕೂ ರೂಢಿಗೂ ನಡುವೆ ಎಷ್ಟು ಹಾದಿ ಇರುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ.

ಅವಳ ರೂಢಿ ಕಟಕೋಳದ್ದು. ಅಲ್ಲಿ ಅವಳ ತಾಯಿಯ ತಾಯಿ ಕೃಷ್ಣವ್ವ ಮೊಮ್ಮಗಳನ್ನು ರೊಟ್ಟಿಗಿಂತ ಹೆಚ್ಚು ಕತೆಯ ಮೇಲೆಯೇ ಬೆಳೆಸಿದ್ದಳು. ಹಾಗಲಬಳ್ಳಿ ಹತ್ತಿ ಚಂದ್ರನ ಮನೆಗೆ ಹೋದ ಸೊಸೆ, ಮೀಸೆ ಒತ್ತೆಯಿಟ್ಟ ಗೌಡ, ಹಿಟ್ಟು ಬೀಸುತ್ತ ಗುಟ್ಟು ಹೇಳುವ ಬೀಸುಕಲ್ಲು. ಎಷ್ಟು ಕತೆಯಾದರೂ ಕೃಷ್ಣವ್ವನ ಕಟ್ಟಳೆ ಒಂದೇ: ಕೇಳುವವರು ಹೂಂ ಅನ್ನಬೇಕು. ಮಾತು ನಿಂತಲ್ಲೆಲ್ಲ ಒಂದು ಹೂಂ. ಹೂಂ ತಪ್ಪಿತೋ, ಆಯಿ ಬಾಯಿ ಮುಚ್ಚಿ ಗೋಡೆಯ ಕಡೆ ಹೊರಳುತ್ತಿದ್ದಳು. ರಾಜನ ಮಗಳು ಬಾವಿಯೊಳಗೇ ಉಳಿದುಬಿಡುತ್ತಿದ್ದಳು. ಹೀಗೆ ಬೆಳೆದ ಯಶೋಧಾಳ ಮುಂದೆ ಯಾರಾದರೂ ಮಾತಿನ ನಡುವೆ ಉಸಿರು ತೆಗೆದುಕೊಂಡರೆ, ಅವಳ ಗಂಟಲು ತನ್ನಷ್ಟಕ್ಕೆ ತಾನೇ ಹೂಂ ಅನ್ನುತ್ತಿತ್ತು. ಅವಳ ಪಾಲಿಗೆ ಹೂಂ ಅನ್ನುವುದು ಮಾತಾಡುವುದಲ್ಲ, ಮರ್ಯಾದೆ ಕೊಡುವುದು.

ಈಗ ಅವಳು ಬೈಲಹೊಂಗಲದಲ್ಲಿ ಕಚೇರಿಗಳ ಎದುರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಿದ್ದಳು. ಅಲ್ಲಿಗೆ ಅರ್ಜಿ ಬರೆಸಲು ಬರುತ್ತಿದ್ದ ಹಣಮಂತಪ್ಪ ಕಾಕಾನೇ ಅವಳಿಗೆ ರೇಡಿಯೋದ ಹುಚ್ಚು ಹಿಡಿಸಿದವನು. ಟೆಲಿಫೋನ್ ಖಾತೆಯಲ್ಲಿ ಕಂಬ ಹತ್ತಿ ಹತ್ತಿ ನಿವೃತ್ತನಾದ ಮನುಷ್ಯ. ಪ್ರತಿ ರವಿವಾರ ಮುಂಜಾನೆ ಏಳಕ್ಕೆ ರಿಪೀಟರಿನ ಮೇಲೆ ಹವ್ಯಾಸಿಗಳ ಕೂಟ ನಡೆಸುವವನೂ ಅವನೇ. ಕೂಟ ಶುರುವಾಗುವ ಮುಂಚೆ ಅವನದೊಂದು ಮಂತ್ರ ಇರುತ್ತಿತ್ತು.

"ಮೊದಲ ಕೇಳ್ರಿ. ಯಾರೂ ಮಾತಾಡವಲ್ರು ಅಂತ ಖಾತ್ರಿ ಆದ ಮ್ಯಾಲೆ ಗುಂಡಿ ಒತ್ರಿ. ಹೆಸರು ಹೇಳ್ರಿ, ಕೆಲಸಾ ಹೇಳ್ರಿ, ಗುಂಡಿ ಬಿಡ್ರಿ. ಬಿಟ್ಟ ಮ್ಯಾಲೆ ಒಂದೀಟು ಜಾಗಾ ಬಿಡ್ರಿ, ಮತ್ತೊಬ್ಬಂವಗ ಜರೂರ ಇರತೈತಿ. ಬಸ್ಸಿನ ಬಾಗಲದಾಗ ನಿಂತಂಗ ನಿಂದರಬ್ಯಾಡ್ರಿ."

ಈ ಮಂತ್ರ ಕೇಳಿಯೂ ಬಾಗಿಲಲ್ಲಿ ನಿಲ್ಲುವವನು ರಾಮದುರ್ಗದ ಶಟ್ಟೆಪ್ಪ. ನಾಲ್ಕು ಮಗ್ಗಗಳ ಒಡೆಯ. ದಿನವಿಡೀ ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸದ ತನ್ನ ಮಾತನ್ನೆಲ್ಲ ಕೂಡಿಟ್ಟು ರವಿವಾರ ಸುರಿಯುತ್ತಿದ್ದ. ಯಶೋಧಾ ಲೈಸೆನ್ಸು ಪಡೆದು ಮೊದಲ ಸಲ ಕೂಟಕ್ಕೆ ಬಂದ ದಿನ ಅವನು ತನ್ನ ಹೊಸ ಆಂಟೆನಾ ನಿಲ್ಲಿಸಿದ ಸಾಹಸ ಹೇಳುತ್ತಿದ್ದ.

"ಹದಿನೆಂಟ ಫೂಟಿನ ಗಳಾ ರೀ..."

ಗುಂಡಿ ಬಿಡದೆಯೇ ಉಸಿರು ತೆಗೆದುಕೊಂಡ. ಬೈಲಹೊಂಗಲದ ಮಾಳಿಗೆಯ ಮೇಲೆ ಯಶೋಧಾ ಗುಂಡಿ ಒತ್ತಿ, ಭಕ್ತಿಯಿಂದ, "ಹೂಂ" ಅಂದಳು. ಒತ್ತದೆ ಅಂದರೆ ಅವನಿಗೆ ಹೇಗೆ ಕೇಳಿಸಬೇಕು?

"ನಾ ಮ್ಯಾಲೆ ಹಿಡಕೊಂಡು ನಿಂತೇನಿ, ಕೆಳಗ ನನ್ನ ಹೆಂಡತಿ..."

"ಹೂಂ."

"ಏ ಏ ಏ, ನಿಲ್ಲಸ್ರಿ!" ಶಟ್ಟೆಪ್ಪ ಗುಂಡಿ ಬಿಟ್ಟ ಕೂಡಲೇ ಹಣಮಂತಪ್ಪನ ಧ್ವನಿ. "ಶಟ್ಟೆಪ್ಪಾ, ನಡುನಡುವ ಅದೇನ ಚೀರಾಕತ್ತೈತಿ? ಹಂದಿ ಕೊರಳ ಹಿಚುಕಿದಂಗ ಆತಲ್ಲೊ!"

"ನನ್ನ ಹೆಂಡತಿ ಅಲ್ರೀ, ಆಕಿ ಸಂತಿಗೆ ಹೋಗ್ಯಾಳ."

ಕಿತ್ತೂರಿನಿಂದ ಪೂನಮ್ ರೇಡಿಯೋದಲ್ಲಿ ಬಂದಳು. ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ಎಲ್ಲದಕ್ಕೂ ಕಾರಣ ಬೇಕು ಅನ್ನುವವಳು. "ನನಗೂ ಕೇಳ್ತು ಕಾಕಾ. ಗೊರ್ ಅಂತು, ಚೀಂಯ್ ಅಂತು."

"ಯಶೋಧಾ, ನಿನಗೇನ ಕೇಳ್ತವಾ?"

"ಇಲ್ಲ ಕಾಕಾ. ನನಗ ಶಟ್ಟೆಪ್ಪಣ್ಣನ ಮಾತು ಬಾಜೂಕ ಕುಂತು ಹೇಳಿದಂಗ ಚೊಕ್ಕ ಕೇಳಸಾಕತ್ತಿತ್ತು."

ಸುಳ್ಳಲ್ಲ. ಗುಂಡಿ ಒತ್ತಿದಷ್ಟು ಹೊತ್ತು ವಾಕಿಟಾಕಿ ಮಾತಾಡುತ್ತದೆಯೇ ಹೊರತು ಕೇಳುವುದಿಲ್ಲ. ಚೀರಾಟ ಇರುತ್ತಿದ್ದದ್ದು ಅವಳ ಹೆಬ್ಬೆರಳು ಗುಂಡಿಯ ಮೇಲಿದ್ದಷ್ಟೇ ಹೊತ್ತು. ನಾಲ್ಕು ತಾಲೂಕಿನ ಕಿವಿಗಳಿಗೆ ಕೇಳಿಸಿದ್ದು ಅವಳೊಬ್ಬಳಿಗೆ ಕೇಳಿಸುವಂತಿರಲಿಲ್ಲ.

ಮರು ರವಿವಾರವೂ ಹಾಗೆಯೇ ಆಯಿತು. ಅದರ ಮರು ರವಿವಾರವೂ. ಶಟ್ಟೆಪ್ಪ ಒಂದು ದಿನ ಟಾಕಿಯ ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿ ನೋಡಿ, ಎರಡು ಹಲ್ಲಿಗಳನ್ನು ಓಡಿಸಿ ಇಳಿದುಬಂದ. ಚೀರಾಟ ನಿಲ್ಲಲಿಲ್ಲ. ಯಾರೋ ಬೇಕಂತಲೇ ಕೆಡಿಸುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಎಲ್ಲರೂ ಬಂದರು. ಶಟ್ಟೆಪ್ಪ ಅದಕ್ಕೆ ದೆವ್ವ ಎಂದು ಹೆಸರಿಟ್ಟ, ಹೆಸರು ಅಂಟಿಕೊಂಡಿತು.

ಅವಸರಕ್ಕೆ ಕಾರಣವಿತ್ತು. ಮುಂದಿನ ರವಿವಾರ ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ, ಕಟಕೋಳದ ಮೇಲೆ ಹಾಯ್ದು ರಾಮದುರ್ಗದವರೆಗೆ ಸೈಕಲ್ ಸ್ಪರ್ಧೆ. ಹಾದಿಯಲ್ಲಿ ಅಲ್ಲಲ್ಲಿ ಮೊಬೈಲ್ ಹತ್ತುವುದಿಲ್ಲವಾದ್ದರಿಂದ ಸುದ್ದಿ ಮುಟ್ಟಿಸುವ ಕೆಲಸವನ್ನು ಹವ್ಯಾಸಿಗಳು ಒಪ್ಪಿಕೊಂಡಿದ್ದರು. ಯಾರಾದರೂ ಬಿದ್ದರೆ, ಎಲ್ಲಾದರೂ ಹಾದಿ ಕಟ್ಟಿದರೆ, ಒಂದು ಮಾತಿನಲ್ಲಿ ಎಲ್ಲ ಊರಿಗೂ ತಿಳಿಯಬೇಕು. ಉಳಿದ ಊರುಗಳಿಗೆಲ್ಲ ಜನ ಇದ್ದರು. ಕಟಕೋಳದ ಖುರ್ಚಿ ಖಾಲಿ ಇತ್ತು.

ಆ ಖುರ್ಚಿ ಯಶೋಧಾಳಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಅರ್ಜಿ ಟೈಪು ಮಾಡುವಾಗ ಒಮ್ಮೆ ಒಬ್ಬರ ಪಹಣಿಯ ಅರ್ಜಿಯಲ್ಲಿ ಊರಿನ ಹೆಸರು ಕಟಕೋಳ ಎಂದು ಹೊಡೆದು ಬೈಸಿಕೊಂಡಿದ್ದಳು. ಕಟಕೋಳದಲ್ಲಿ ಅವಳಿಗೆ ಸಣ್ಣಂದಿನಿಂದ ಇದ್ದ ಹೆಸರು ಕನಸಿನ ಗಿರಾಕಿ. ನೀರು ತರಲು ಕಳಿಸಿದರೆ ಮೋಡ ನೋಡುತ್ತ ನಿಲ್ಲುವವಳು, ಹಾಲು ಉಕ್ಕಿದರೂ ಎಚ್ಚರಾಗದವಳು. ಅದೇ ಊರಿನ ಬಸ್ ಸ್ಟ್ಯಾಂಡಿನ ಎದುರು, ಆಯಿಯ ಕಣ್ಣ ಮುಂದೆ, ರೇಡಿಯೋ ಹಿಡಿದು ಕುಳಿತುಕೊಳ್ಳಬೇಕು. ತನ್ನ ಒಂದು ಮಾತಿಗೆ ನಾಲ್ಕು ಊರು ಕಿವಿಗೊಡಬೇಕು.

ಅಂಗಡಿಗೆ ಬಂದ ಹಣಮಂತಪ್ಪನ ಮುಂದೆ ಬಾಯಿ ಬಿಟ್ಟು ಕೇಳಿಯೂ ಕೇಳಿದಳು.

"ಆ ದೆವ್ವ ಸಿಗೂತನಾ ಯಾವ ಖುರ್ಚಿ ಮಾತೂ ಬ್ಯಾಡವಾ," ಎಂದ ಅವನು. "ಸಿಗಲಿಲ್ಲಂದ್ರ ಸ್ಪರ್ಧೆ ನಡಸಾವ್ರಿಗೆ ನಮ್ಮ ಕೈಲೆ ಆಗಂಗಿಲ್ಲ ಅಂತ ಹೇಳಿಬಿಡತೇನಿ. ಯಾರರೆ ಬಿದ್ದಾಗ ಅದು ಚೀರಿದ್ರ? ತಗೊ, ಮೊದಲ ಈ ತಕರಾರ ಅರ್ಜಿ ಟೈಪ್ ಮಾಡು, ದಿಲ್ಲಿ ಲೈಸೆನ್ಸ್ ಆಫೀಸಿಗೆ ಕಳಸೂನು."

ಯಶೋಧಾ ಟೈಪು ಮಾಡಿದಳು. ಕಾಕಾ ಹೇಳಿದ್ದು 'ಅಪರಿಚಿತ ವ್ಯಕ್ತಿ' ಎಂದಷ್ಟೇ. ಅವಳಿಗೆ ಸಿಟ್ಟು ತಡೆಯದೆ ತಾನಾಗಿಯೇ 'ನಾಚಿಕೆಗೇಡಿ' ಎಂದೂ 'ನಯವಂಚಕ' ಎಂದೂ ಸೇರಿಸಿದಳು. ತಪ್ಪಿತಸ್ಥರ ಹೆಸರಿನ ಮುಂದೆ ಉದ್ದನೆಯ ಖಾಲಿ ಗೆರೆ ಬಿಟ್ಟಳು. ಓದಿ ನೋಡಿದ ಹಣಮಂತಪ್ಪನಿಗೆ ಭಾಳ ಸಮಾಧಾನವಾಯಿತು. ಹೆಸರು ಸಿಕ್ಕ ಮೇಲೆ ಕಳಿಸಿದರಾಯಿತೆಂದು ಕಿಸೆಯಲ್ಲಿಟ್ಟುಕೊಂಡ.

ರಜೆಯ ದಿನ ಮುಂಜಾನೆ ಪೂನಮ್ ಸ್ಕೂಟಿ ಹತ್ತಿ ಬಂದಳು. ಬಡಿಗೇರರು ಅಳತೆಗೆ ಬಳಸುವ ಉಕ್ಕಿನ ಟೇಪನ್ನು ತುಂಡು ಮಾಡಿ, ನೀರಿನ ಪೈಪಿನ ಮೇಲೆ ಮೀನಿನ ಮುಳ್ಳಿನಂತೆ ಕೂಡಿಸಿದ ಆಂಟೆನಾ ಅವಳ ಬಗಲಲ್ಲಿತ್ತು. ಅದನ್ನು ದೆವ್ವ ಇರುವ ದಿಕ್ಕಿಗೆ ತಿರುಗಿಸಿದರೆ ಅದಕ್ಕೆ ಜೋಡಿಸಿದ ರೇಡಿಯೋದ ಪರದೆಯ ಮೇಲಿನ ಗೆರೆಗಳು ಏರುತ್ತವೆ. ಬೇರೆ ಕಡೆ ತಿರುಗಿಸಿದರೆ ಇಳಿಯುತ್ತವೆ. ಸದ್ದು ಕೇಳುತ್ತ ಕುಳಿತರೆ ಕಿವಿ ಮೋಸ ಮಾಡುತ್ತದೆಂದು ಧ್ವನಿ ಪೂರ್ತಿ ಬಂದ್ ಮಾಡಿ ಗೆರೆಗಳನ್ನಷ್ಟೇ ನೋಡುವುದು ಅವಳ ಕ್ರಮ. ಬೇಟೆಗೆ ಜತೆಯಾಗಲು ಮುಂದೆ ಬಂದವಳು ಬೇರೆ ಯಾರೂ ಅಲ್ಲ, ಯಶೋಧಾ.

ಬಲೆಗೆ ಕಾಳು ಬೇಕಲ್ಲ. ದೆವ್ವ ಏಳುವುದು ಶಟ್ಟೆಪ್ಪ ಮಾತಾಡುವಾಗಲೇ ಎಂದು ಎಲ್ಲರೂ ಗಮನಿಸಿದ್ದರು. ಹಾಗಾಗಿ ಹಣಮಂತಪ್ಪ ಅವನಿಗೆ ಜೀವಮಾನದಲ್ಲಿ ಯಾರೂ ಹೇಳದ ಮಾತು ಹೇಳಿದ.

"ಶಟ್ಟೆಪ್ಪಾ, ಇವತ್ತ ನೀ ಎಷ್ಟು ಬೇಕು ಅಷ್ಟು ಮಾತಾಡು."

"ಖರೇನ ಏನ್ರೀ?"

"ಖರೇನ. ಆದ್ರ ಮೂರು ನಿಮಿಷಕ್ಕೊಮ್ಮೆ ಗುಂಡಿ ಬಿಡು, ಇಲ್ಲಾಂದ್ರ ರಿಪೀಟರ್ ತಾನ ಬಾಯಿ ಮುಚ್ಚಿಕೊಂತೈತಿ. ಅದಕೂ ನಿನ್ನ ಕಾಟ ಗೊತ್ತೈತಿ."

ಶಟ್ಟೆಪ್ಪ ತನ್ನ ಮಾವನ ಎಮ್ಮೆ ಬೀಗರ ಮನೆಯ ಲಗ್ನಕ್ಕೆ ನುಗ್ಗಿದ ಕತೆಯನ್ನು, ಎಮ್ಮೆ ಹುಟ್ಟಿದ ಲಾಗಾಯ್ತಿನಿಂದ ಶುರುಮಾಡಿದ. ಬೈಲಹೊಂಗಲದ ಹೊರಗೆ ಸ್ಕೂಟಿ ನಿಲ್ಲಿಸಿ ಪೂನಮ್ ಬಯಲಿಗೆ ಇಳಿದು ಮೀನಿನ ಮುಳ್ಳನ್ನು ತಿರುಗಿಸಿದಳು. ಯಶೋಧಾ ಸ್ಕೂಟಿಗೆ ಒರಗಿ, ಒಂದು ಕೈಯಲ್ಲಿ ನಕಾಶೆ, ಇನ್ನೊಂದರಲ್ಲಿ ತನ್ನ ವಾಕಿಟಾಕಿ ಹಿಡಿದು ಎಮ್ಮೆಯ ಕತೆಯಲ್ಲಿ ಮುಳುಗಿದಳು.

"ಎಮ್ಮಿ ಸೀದಾ ಚಪ್ಪರದಾಗ ಬಂತ್ರಿ..."

"ಹೂಂ."

"ಯಶೀ!" ಪೂನಮ್ ಬಯಲಿನಿಂದ ಕೂಗಿದಳು. "ಬಂತು ಬಂತು! ಆದ್ರ ಎಲ್ಲಾ ಕಡೆಯಿಂದ ಬರಾಕತ್ತೈತಿ! ಎತ್ತಾಗ ತಿರುವಿದ್ರೂ ಗೆರಿ ತುಂಬತಾವು!"

ಸವದತ್ತಿಯ ಗುಡ್ಡದ ಕೆಳಗೆ ನಿಂತರು. ಅಲ್ಲಿಯೂ ಹಾಗೆಯೇ. ಮುಂದೆ ಒಂದು ಹಳ್ಳದ ದಂಡೆಗೆ ನಿಂತರು. ಅಲ್ಲಿಯೂ ದೆವ್ವ ಪಕ್ಕದಲ್ಲಿಯೇ ಕುಳಿತಂತೆ ಗೆರೆಗಳು ತುಂಬಿ ನಿಂತವು.

"ಅಕ್ಕಾ, ಅದು ನಮ್ಮ ಬೆನ್ನ ಹತ್ತೈತಿ," ಎಂದಳು ಯಶೋಧಾ. ಹೆದರಿಕೆಗಿಂತ ಹೆಚ್ಚಾಗಿ ಖುಷಿಯೇ ಇತ್ತು ಆ ಧ್ವನಿಯಲ್ಲಿ. ಬೆನ್ನು ಹತ್ತುವ ದೆವ್ವಗಳು ಆಯಿಯ ಕತೆಗಳಲ್ಲಿ ಬೇಕಾದಷ್ಟು ಇದ್ದವು.

"ಫಿಸಿಕ್ಸ್‌ನ್ಯಾಗ ದೆವ್ವ ಇಲ್ಲ," ಎಂದು ಪೂನಮ್ ಹಲ್ಲು ಕಚ್ಚಿ ಸ್ಕೂಟಿ ಒದ್ದಳು.

ಹಸಿವಾಗಿ ಕಟಕೋಳದಲ್ಲಿ ಕೃಷ್ಣವ್ವನ ಮನೆಗೆ ಬಂದರು. ಪೂನಮ್ ತನ್ನ ಇನ್ನೊಂದು ರೇಡಿಯೋವನ್ನು ಪಡಸಾಲೆಯ ಗೋಡೆಯ ಗೂಡಿನಲ್ಲಿ ಶಟ್ಟೆಪ್ಪನ ಮಾತಿಗೆ ಹಚ್ಚಿಟ್ಟು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಯಶೋಧಾ ಅಂಗಳದ ಬೇವಿನ ಕಟ್ಟೆಯ ಮೇಲೆ ಕುಳಿತಳು. ಎಮ್ಮೆ ಆಗಷ್ಟೇ ಮದುಮಗನ ಬಾಸಿಂಗ ತಿಂದಿತ್ತು.

"ಮದುಮಗ ಎಮ್ಮಿ ಮಾರಿ ನೋಡ್ದ, ಎಮ್ಮಿ ಮದುಮಗನ ಮಾರಿ ನೋಡ್ತು..."

"ಹೂಂ," ಎಂದಳು ಯಶೋಧಾ ಗುಂಡಿ ಒತ್ತಿ.

ರೊಟ್ಟಿ ಬಡಿಯುತ್ತಿದ್ದ ಕೃಷ್ಣವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದು ನಿಂತಳು. ಗೂಡಿನಲ್ಲಿದ್ದ ಡಬ್ಬಿಯನ್ನು ನೋಡಿದಳು. ಬಾಗಿಲಾಚೆ ಕುಳಿತ ಮೊಮ್ಮಗಳನ್ನು ನೋಡಿದಳು. ಮತ್ತೊಂದು ಹೂಂ ಆಗುವವರೆಗೆ ಕಾದಳು. ಮತ್ತೂ ಒಂದು.

"ಏ ಯಶೋಧಾ, ಆ ಮನಶ್ಯಾ ಪಾಪ ಎಷ್ಟು ಛಂದ ಹೇಳಾಕತ್ತಾನ. ಯಾಕ ಅಂವನ ಮಾತು ಕೊಯ್ತೀಯ?"

"ನಾನೇನ ಮಾಡೇನಿ ಆಯಿ? ಹೂಂ ಅನ್ನಾಕತ್ತೇನಿ, ನೀನ ಕಲಿಸಿದ್ದು."

"ನಾ ಬಾಯಲೆ ಅನ್ನಾಕ ಕಲಿಸೇನಿ, ಹೆಬ್ಬಟ್ಟಿಲೆ ಅಲ್ಲ. ನೀ ಆ ಗುಂಡಿ ಅದುಮಿದಾಗೊಮ್ಮೆ ಒಳಗ ಈ ಡಬ್ಬಿ ಚೀರತೈತಿ. ಬಾ, ಇಲ್ಲಿ ನಿಂತು ಕೇಳು. ಅದನ್ನ ನನ್ನ ಕೈಯಾಗ ಕೊಡು."

ಯಶೋಧಾ ಒಳಗೆ ನಿಂತಳು. ಕೃಷ್ಣವ್ವ ಅಂಗಳಕ್ಕೆ ಹೋಗಿ, ಹಿಟ್ಟು ಮೆತ್ತಿದ ಹೆಬ್ಬೆರಳಿಂದ ಒಂದೇ ಒಂದು ಸಲ ಗುಂಡಿ ಅದುಮಿದಳು. ಪಡಸಾಲೆಯಲ್ಲಿ, ಎಮ್ಮೆಯ ಕತೆಯ ನಟ್ಟನಡುವೆ, ದೆವ್ವ ಚೀರಿತು.

ಯಶೋಧಾಳಿಗೆ ಅರ್ಜಿ ನೆನಪಾಯಿತು. ನಾಚಿಕೆಗೇಡಿ, ನಯವಂಚಕ. ತಾನೇ ಹೊಡೆದ ಅಕ್ಷರಗಳು.

ಮುಖ ಒರೆಸಿಕೊಳ್ಳುತ್ತ ಬಂದ ಪೂನಮ್ ವಿಷಯ ತಿಳಿದು, ಮೊದಲು ಕಟ್ಟೆಯ ಮೇಲೆ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅರವತ್ತು ಕಿಲೋಮೀಟರ್ ದೆವ್ವಾನ್ನ ನನ್ನ ಹಿಂದಿನ ಸೀಟಿನ್ಯಾಗ ಕುಂದ್ರಿಸಿಕೊಂಡು ಹುಡಿಕೇನಲ್ಲ!" ಆಮೇಲೆ ಯಶೋಧಾಳ ಮುಖ ನೋಡಿ ನಗು ನಿಲ್ಲಿಸಿದಳು. "ಅಳಬ್ಯಾಡ ಮಾರಾಯ್ತಿ. ಇನ್ನ ಮ್ಯಾಲೆ ಹೂಂ ಅನಬ್ಯಾಡ, ಅಷ್ಟ. ದೆವ್ವ ತಾನ ಹೋತು ಅಂತಾರ. ನಾ ಯಾರ ಮುಂದೂ ಹೇಳಂಗಿಲ್ಲ."

ಯಶೋಧಾಳಿಗೂ ಹಾಗೆಯೇ ಅನ್ನಿಸಿತು, ಒಂದು ರೊಟ್ಟಿ ತಿನ್ನುವಷ್ಟು ಹೊತ್ತು. ಆಮೇಲೆ ಯೋಚಿಸಿದಳು. ತಾನಾಗಿ ಹೋದ ರೋಗ ತಾನಾಗಿ ಬಂದೀತು ಅನ್ನುವ ಮನುಷ್ಯ ಹಣಮಂತಪ್ಪ ಕಾಕಾ. ಕಾರಣ ತಿಳಿಯದೆ ಅವನು ಆ ರಿಪೀಟರನ್ನು ನಂಬುವವನಲ್ಲ. ಸ್ಪರ್ಧೆಯ ಕೆಲಸವನ್ನೇ ಬಿಟ್ಟುಬಿಡುತ್ತಾನೆ. ಶಟ್ಟೆಪ್ಪಣ್ಣ ಮತ್ತೆ ಆ ಟಾಕಿಯ ಏಣಿ ಹತ್ತುತ್ತಾನೆ. ಹೇಳಿದರೆ ಕಟಕೋಳದ ಖುರ್ಚಿ ಹೋಗುತ್ತದೆ. ಹೇಳದಿದ್ದರೆ ಖುರ್ಚಿ ಹಾಕುವ ಪ್ರಸಂಗವೇ ಬರುವುದಿಲ್ಲ, ಯಾರಿಗೂ.

ಕೈ ತೊಳೆದುಕೊಂಡು ವಾಕಿಟಾಕಿ ತೆಗೆದುಕೊಂಡಳು. ಶಟ್ಟೆಪ್ಪ ಎಮ್ಮೆಯನ್ನು ಹಿಂದಕ್ಕೆ ಹೊಡೆದುಕೊಂಡು ಹೊರಟಿದ್ದ. ಅವಳು ಕಾದಳು. ಅವನು ಉಸಿರು ತೆಗೆದುಕೊಂಡಾಗ ಹೆಬ್ಬೆರಳು ಜುಮ್ಮೆಂದಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಳು. ಅವನು ಓವರ್ ಅಂದ. ಗುಂಡಿ ಬಿಟ್ಟದ್ದಕ್ಕೆ ರಿಪೀಟರ್ ಪೀಂ ಅಂದಿತು. ಬೇರೆ ಯಾರಿಗಾದರೂ ಜರೂರು ಇದ್ದೀತೆಂದು ಮತ್ತೆ ಎರಡು ಎಣಿಸಿದಳು. ಯಾರೂ ಬರಲಿಲ್ಲ. ಒತ್ತಿದಳು.

"ಯಶೋಧಾ ಮಾತಾಡಾಕತ್ತೇನಿ, ಕಟಕೋಳದಿಂದ. ದೆವ್ವ ಸಿಕ್ಕೈತಿ. ಅದು ನಾನ. ಶಟ್ಟೆಪ್ಪಣ್ಣನ ಮಾತಿನ ನಡುವ ಗುಂಡಿ ಒತ್ತಿ ಹೂಂ ಅನ್ನಾಕಿ ನಾನ. ಒತ್ತಿದಾಗ ನನ್ನ ಡಬ್ಬಿ ಕಿವುಡ ಆಗತೈತಿ, ಅದಕ ಚೀರೂದು ನನಗ ಕೇಳಸಲಿಲ್ಲ. ರಿಪೀಟರ್ ಚಲೋ ಐತಿ, ಯಾರೂ ಬಿಚ್ಚಬ್ಯಾಡ್ರಿ. ಅರ್ಜಿಯಾಗಿನ ಖಾಲಿ ಗೆರಿ ಮ್ಯಾಲೆ ನನ್ನ ಹೆಸರು ಬರಕೊಳ್ರಿ ಕಾಕಾ. ತಪ್ಪಾತು. ಓವರ್."

ಪೀಂ.

ಗುಡ್ಡದ ಮೇಲಿನ ಮುದುಕಿ ಎದ್ದು ಎಲ್ಲಿಗೋ ಹೊರಟುಹೋದಳೇನೋ ಅನ್ನಿಸಿತು ಯಶೋಧಾಳಿಗೆ.

ಮೊದಲು ಬಂದದ್ದು ಶಟ್ಟೆಪ್ಪನ ಧ್ವನಿ. "ಅಂದ್ರ, ತಂಗೀ, ಮೂರು ವಾರದಿಂದ ನೀ ನನ್ನ ಮಾತು ಪೂರಾ ಕೇಳೀದಿ? ಒಂದೊಂದು ಮಾತಿಗೂ ಹೂಂ ಅಂದೀದಿ?"

"ಹೌದಣ್ಣ. ತಪ್ಪಾತು."

"ತಪ್ಪೇನ ಬಂತು! ನನ್ನ ಮನ್ಯಾಗ ಇಪ್ಪತ್ತೆರಡ ವರ್ಷ ಆತು, ನನ್ನ ಮಾತಿಗೆ ಒಬ್ಬರೂ ಹೂಂ ಅಂದಿಲ್ಲ! ಹಣಮಂತಪ್ಪ ಕಾಕಾ, ಈ ಹುಡಿಗಿ ಮ್ಯಾಲೆ ಅರ್ಜಿ ಹಾಕಿದ್ರ ನಾ ಈ ಕೂಟಾನ ಬಿಡತೇನಿ ನೋಡ್ರಿ. ಅಲ್ಲಲ್ಲ, ಬಿಡಂಗಿಲ್ಲ, ಇಲ್ಲೇ ಇದ್ದು ದಿನಾ ಮಾತಾಡತೇನಿ!"

ಎರಡನೆಯದು ಹೆಚ್ಚು ಘೋರವಾದ ಬೆದರಿಕೆಯೆಂದು ಎಲ್ಲರಿಗೂ ತಿಳಿಯಿತು. ಪೂನಮ್ ನಗು ತಡೆಯಲು ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

ಹಣಮಂತಪ್ಪ ಬಂದಾಗ ಅವನ ಧ್ವನಿ ಎಂದಿನಂತೆ ಒಣಗಿತ್ತು. "ಶಟ್ಟೆಪ್ಪಾ, ಜಾಗಾ ಬಿಡು. ಯಶೋಧಾ, ಕೇಳು. ಮೂರು ರವಿವಾರ ಎಲ್ಲಾರ ಹೊತ್ತು ಕೆಡಿಸಿದಿ. ಅದಕ ಬೈಬೇಕು. ಬೈದೆ ಅಂತ ತಿಳಕೊ. ಈಗ ಇನ್ನೊಂದು. ನೀ ಕಾದಿ. ಹೆಸರು ಹೇಳಿದಿ, ಊರು ಹೇಳಿದಿ, ಆಗಿದ್ದು ಹೇಳಿದಿ, ಗುಂಡಿ ಬಿಟ್ಟಿ. ಅರ್ಧ ನಿಮಿಷ ಆಗಿಲ್ಲ. ಹನ್ನೊಂದು ವರ್ಷದಿಂದ ಈ ಕೂಟ ನಡಸೇನಿ, ನನಗ ಹಂಗ ಮಾತಾಡಿದವ್ರು ಭಾಳ ಮಂದಿ ಸಿಕ್ಕಿಲ್ಲ. ರವಿವಾರ ಆರೂವರಿಗೆ ಕಟಕೋಳದಾಗ ಕುಂದ್ರು. ಬ್ಯಾಟರಿ ತುಂಬಿಕೊಂಡು ಹೋಗು. ಓವರ್."

ಯಶೋಧಾ ವಾಕಿಟಾಕಿಯನ್ನು ಪೂನಮ್‌ಳ ಕೈಗೆ ತುರುಕಿ, ಆಯಿಯನ್ನು ಎತ್ತಿ ಅಂಗಳದಲ್ಲಿ ಒಂದು ಸುತ್ತು ತಿರುಗಿಸಿಬಿಟ್ಟಳು. "ಬಿಡು ಹುಚ್ಚಿ, ರೊಟ್ಟಿ ಹೊತ್ತತಾವು!" ಎಂದು ಕೃಷ್ಣವ್ವ ಗಾಳಿಯಲ್ಲಿ ಕಾಲು ಬಡಿದಳು. ರೊಟ್ಟಿ ಹೊತ್ತಿತು.

ರವಿವಾರ ಬಸ್ ಸ್ಟ್ಯಾಂಡಿನ ಎದುರು, ಬೇವಿನ ನೆರಳಲ್ಲಿ ಒಂದು ಮೇಜು, ಒಂದು ಪ್ಲಾಸ್ಟಿಕ್ ಖುರ್ಚಿ. ಕನಸಿನ ಗಿರಾಕಿಯನ್ನು ನೋಡಲು ಊರಿನ ಅರ್ಧ ಜನ ಚಹಾ ಕುಡಿಯುವ ನೆವದಲ್ಲಿ ಬಂದು ನಿಂತರು. ಮುಂಜಾನೆಯಿಂದ ಅವಳು ಆಡಿದ್ದು ಬೆರಳೆಣಿಕೆಯಷ್ಟು ಮಾತು. ಉಳಿದ ಹೊತ್ತೆಲ್ಲ ಕೇಳುತ್ತಿದ್ದಳು: ಕಿತ್ತೂರು ಬಿಟ್ಟರು, ಬೈಲಹೊಂಗಲ ದಾಟಿದರು, ಸವದತ್ತಿಯಲ್ಲಿ ಒಬ್ಬರ ಟೈರು ಹೋಯಿತು. ಹತ್ತರ ಸುಮಾರಿಗೆ ಊರ ಹೊರಗಿನ ಇಳಿಜಾರಿನಲ್ಲಿ ಇನ್ನೂರು ಕುರಿಗಳ ಹಿಂಡೊಂದು ಹಾದಿ ತುಂಬ ಹರಡಿಕೊಂಡಿತು.

ಶಟ್ಟೆಪ್ಪ ಆಗಷ್ಟೇ ರಾಮದುರ್ಗದ ಸ್ವಾಗತದ ಹಾರಗಳ ವರ್ಣನೆ ಶುರು ಮಾಡಿದ್ದ. ಆದರೆ ಅಂದು ಅವನೂ ನಾಲ್ಕು ಮಾತಿಗೆ ಗುಂಡಿ ಬಿಟ್ಟ. ಪೀಂ ಕೇಳಿದ್ದೇ ಯಶೋಧಾ ಒತ್ತಿದಳು.

"ಕಟಕೋಳ. ಜರೂರ ಐತಿ. ಊರ ಹೊರಗಿನ ಇಳಿಜಾರಿನ್ಯಾಗ ಕುರಿ ಹಿಂಡು, ಹಾದಿ ಬಂದ್. ಸೈಕಲ್ ನಿಧಾನ ಮಾಡ್ರಿ."

"ತಿಳೀತು ಕಟಕೋಳ," ಎಂದಿತು ಬೈಲಹೊಂಗಲ. "ಸೈಕಲ್ ಮುಂದ ಹೊಂಟ ಜೀಪಿಗೆ ಹೇಳೇವಿ."

ಸವಾರರು ಸಾಲಾಗಿ, ಮೆಲ್ಲಗೆ ಬಂದರು. ಕುರಿಗಳು ಕೊನೆಯ ಕ್ಷಣದವರೆಗೆ ಯೋಚಿಸಿ ದಾರಿ ಬಿಟ್ಟವು. ಒಬ್ಬರೂ ಬೀಳಲಿಲ್ಲ. ಚಹಾದ ಅಂಗಡಿಯ ಮುಂದೆ ಯಾರೋ ಸೀಟಿ ಹೊಡೆದರು.

ಎಲ್ಲರೂ ಹೋಗಿ ಮುಕ್ಕಾಲು ತಾಸಿನ ಮೇಲೆ, ಬೆವರಿನಲ್ಲಿ ತೊಯ್ದು, ಐವತ್ತು ದಾಟಿದ ಸವಾರನೊಬ್ಬ ಸೈಕಲ್ ತಳ್ಳಿಕೊಂಡು ಬಂದ. ಇವನೇ ಕೊನೆಯವನು. ಮುಂಜಾನೆಯಿಂದ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಅಲ್ಲೇ ಕುಳಿತಿದ್ದ ಕೃಷ್ಣವ್ವ ಅವನನ್ನು ಕೈ ಹಿಡಿದು ಬೇವಿನ ಕಟ್ಟೆಯ ಮೇಲೆ ಕೂಡಿಸಿ, ಮುಂದೆ ತಾಟಿಟ್ಟಳು. ರಾಮದುರ್ಗದಲ್ಲಿ ಹಾರ ಹಿಡಿದವರು ಕಾಯುತ್ತಿದ್ದರು. ಯಶೋಧಾ ಕೇಳಿ ನೋಡಿದಳು. ಚಾನೆಲ್ ಖಾಲಿ ಇತ್ತು.

"ಕಟಕೋಳ. ಕಡೀ ಸವಾರ ಮುಟ್ಟ್ಯಾರ, ಅರಾಮ ಅದಾರ. ಎರಡನೇ ರೊಟ್ಟಿ ನಡದೈತಿ, ಶೇಂಗಾ ಹಿಂಡಿ ಮತ್ತ ಬೇಡಾಕತ್ತಾರ. ಅವ್ರಿಗೆ ಅವಸರಿಲ್ಲ, ನೀವೂ ಅವಸರ ಮಾಡಬ್ಯಾಡ್ರಿ. ಓವರ್."